ಬೀಗರಿಗೆ ಸೋಲಬೇಕಾದ ಆಟ

ಮತ್ತೆ ಕೆಂಪಾಯಿತು ಕಿವಿ, ಎಡಗಿವಿ ಮಾತ್ರ, ತುದಿಯಲ್ಲಿ ಶುರುವಾಗಿ ಒಳಗಿನ ಸುರುಳಿಯವರೆಗೆ, ಅಂದರೆ ಈ ಮನುಷ್ಯನಿಗೆ ಒಳ್ಳೆಯ ಎಲೆ ಬಿದ್ದಿದೆ, ಕಡಿಮೆಯೆಂದರೂ ಒಂದು ಜೋಡಿ, ರಾಜನದ್ದೋ ಎಕ್ಕದ್ದೋ, ಆದರೂ ನೋಡು, ಮೂರು ಎಲೆಗಳನ್ನು ಎದೆಗೊತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಾನೆ, ನಾನೊಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಹೆದರಿ ಎಲೆ ಕೆಳಗೆ ಹಾಕಿಬಿಡುತ್ತಾನೆ — ಕೆಮ್ಮಬೇಡ ವಾದಿರಾಜ, ಕೆಮ್ಮಬೇಡ, ಇವತ್ತು ನೀನು ಸೋಲುವುದಕ್ಕೆ ಕೂತಿದ್ದೀಯ, ಅಕ್ಕ ಈ ಛತ್ರದ ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿ ಹೇಳಿದಳಲ್ಲ, ಸೊಂಟದ ಬೀಗದ ಕೈ ಗೊಂಚಲನ್ನು ಗಟ್ಟಿಯಾಗಿ ಹಿಡಿದುಕೊಂಡು, ವಾದಿ, ಬೀಗರಿಗೆ ಇಸ್ಪೀಟು ಅಂದ್ರೆ ಪ್ರಾಣವಂತೆ, ವರಪೂಜೆವರ್ಗೂ ಅವರನ್ನ ಮೇಲೇ ಕೂರಿಸ್ಕೊಂಡು ಆಡಿಸು, ಕೆಳಗೆ ಬಂದ್ರೆ ಅಡುಗೆಯವರ ಹತ್ರ ಜಗಳ ತೆಗೀತಾರೆ, ಮತ್ತೆ ನೀನು ಗೆಲ್ಬೇಡ ಕಣೋ, ಇವತ್ತೊಂದಿನ ಸೋತ್ಕೊಂಡು ಬಾ, ನಾಳೆ ಧಾರೆ ಆಗೋವರ್ಗೂ ನಾನು ಜೀವ ಕೈಲಿ ಹಿಡ್ಕೊಂಡಿದೀನಿ. ಆಯಿತು ಅಕ್ಕ ಅಂದೆ, ಗಂಡ ಹೋದಾಗಿನಿಂದ ಅವಳು ನನ್ನನ್ನು ಏನನ್ನಾದರೂ ಕೇಳಿದ್ದೇ ಅಪರೂಪ, ಸೋಲುವುದೇನು ಮಹಾ ಅಂದುಕೊಂಡು ಮೆಟ್ಟಿಲು ಹತ್ತಿದೆ. ಬಸವನಗುಡಿಯ ಕ್ಲಬ್ಬಿನಲ್ಲಿ ವಕೀಲರು, ಕಂಟ್ರಾಕ್ಟರುಗಳು, ಒಬ್ಬ ನಿವೃತ್ತ ಪೊಲೀಸು, ಎಲ್ಲರನ್ನೂ ಮೂವತ್ತು ವರ್ಷದಿಂದ ಅಂಗಿ ಬಿಚ್ಚಿಸಿ ಕಳಿಸಿದವನು ನಾನು, ಮಲ್ಲೇಶ್ವರದ ಒಬ್ಬ ನಿವೃತ್ತ ಹೆಡ್‌ಮಾಸ್ಟರಿಗೆ ಸೋತು ಕೊಡಲಾರೆನೇ. ಕೊಡಲಾರೆ, ಅದೇ ಆಗಿರುವುದು, ಊಟವಾಗಿ ಜಮಖಾನ ಹಾಸಿ ಕೂತಾಗಿನಿಂದ ಸೋಲಲು ಒದ್ದಾಡುತ್ತಿದ್ದೇನೆ, ಆಗುತ್ತಿಲ್ಲ. ಆಟ ಬಲ್ಲವನಿಗೆ ಸೋಲುವುದು ಸುಲಭ, ಬಾಗಿಲು ಒಂಚೂರು ತೆರೆದಿಟ್ಟರೆ ಅವನೇ ಒಳಗೆ ಬಂದು ಬೇಕಾದ್ದು ತೆಗೆದುಕೊಂಡು ಹೋಗುತ್ತಾನೆ, ಇವನು ಬಾಗಿಲ ಹತ್ತಿರವೇ ಬರುವುದಿಲ್ಲ. ಮೂರೆಲೆ ಆಟದಲ್ಲಿ ಇರುವುದೇ ಅಷ್ಟು, ಎಲೆ ಚೆನ್ನಾಗಿದೆ ಅನ್ನಿಸಿದವನು ನಡುವಿನ ತಟ್ಟೆಗೆ ಪಣ ಕಟ್ಟುತ್ತಾ ಹೋಗಬೇಕು, ಹೆದರಿದವನು ಬಿಡಬೇಕು, ಕೊನೆಯವರೆಗೂ ನಿಂತವನಿಗೆ ತಟ್ಟೆ — ಈ ಮಹಾನಂದರಾಯ ರಾಜನ ಜೋಡಿ ಇಟ್ಟುಕೊಂಡೂ ಬಿಡುತ್ತಾನೆ, ನನ್ನ ಕೈಯಲ್ಲಿ ಕಸ ಇರುವಾಗ ಬಿಡುತ್ತಾನೆ, ನಾನು ಸೋಲಬೇಕೆಂದು ಪಣ ಕಟ್ಟಿದರೆ ಅದಕ್ಕೂ ಹೆದರಿ ಬಿಡುತ್ತಾನೆ, ತಟ್ಟೆ ಮತ್ತೆ ನನ್ನ ಕಡೆಗೇ ಬರುತ್ತದೆ, ಅವನ ಮುಖ ಇಷ್ಟುದ್ದ ಆಗುತ್ತದೆ. ಮಕ್ಕಳಿಗೆ ಬೆತ್ತ ತೋರಿಸಿ ಹೆದರಿಸಿದವನಿಗೆ ಇಷ್ಟು ಪುಕ್ಕಲುತನ ಎಲ್ಲಿಂದ ಬಂತೋ ಗೊತ್ತಿಲ್ಲ.

ಪಣ ಅಂದರೆ ದುಡ್ಡಲ್ಲ, ಶುಭಕಾರ್ಯದ ಜಾಗದಲ್ಲಿ ದುಡ್ಡಿಟ್ಟು ಆಡ್ತಾರೇನ್ರೀ ಎಂದು ಜಾನಕಮ್ಮ ಮೊದಲೇ ತಡೆದರು, ರಾಯನ ಅಕ್ಕ, ಹುಡುಗನ ಸೋದರತ್ತೆ, ಹಾಗಾಗಿ ಬೀಗರನ್ನು ಎದುರುಗೊಂಡಾಗ ಕೊಟ್ಟು ಮಿಕ್ಕಿದ್ದ ಕಲ್ಲುಸಕ್ಕರೆ ತಟ್ಟೆಯನ್ನೇ ಮೇಲೆ ತಂದು ನಾಲ್ಕು ಜನಕ್ಕೂ ಸಮನಾಗಿ ಹಂಚಿದ್ದಾಯಿತು, ಒಂದು ಹರಳಿಗೆ ಒಂದು ಪಣ, ನಾನೂ ಒಳ್ಳೆಯದೇ ಆಯಿತು ಅಂದುಕೊಂಡೆ. ಆದರೆ ಇವನು ಗೆದ್ದದ್ದನ್ನು ತಿನ್ನುತ್ತಾನೆ, ಅಪರೂಪಕ್ಕೆ ಒಂದು ತಟ್ಟೆ ಅವನಿಗೆ ಹೋಯಿತೋ, ದೊಡ್ಡ ಹರಳು ಆರಿಸಿ ಬಾಯಿಗೆ ಹಾಕಿಕೊಂಡು ಕಟಕಟ ಕಡಿಯುತ್ತಾನೆ, ನಾನು ಬೆವರು ಸುರಿಸಿ ಸೋತದ್ದು ಅವನ ದವಡೆಯಲ್ಲಿ ಪುಡಿಯಾಗುತ್ತದೆ, ಇವನ ರಾಶಿ ಬೆಳೆಯುವುದು ಹೇಗೆ, ನಾನು ಎಷ್ಟು ಅಂತ ಸೋಲಲಿ. ಪಕ್ಕದಲ್ಲಿ ಮದುಮಗ ಅಭಿರಾಮ, ಒಳ್ಳೆಯ ಹುಡುಗ ಅನ್ನುತ್ತಾರೆ ಎಲ್ಲರೂ, ಒಳ್ಳೆಯವನೇ ಇರಬೇಕು, ಎಲೆಗಳನ್ನು ಲಗ್ನಪತ್ರಿಕೆ ಓದುವ ಹಾಗೆ ಮುಖದ ಮುಂದೆ ಬಿಡಿಸಿ ಹಿಡಿಯುತ್ತಾನೆ, ಹಿಂದಿನ ಕಿಟಕಿಯ ಗಾಜಿನಲ್ಲಿ ಮೂರೂ ಕಾಣುತ್ತವೆ, ಈಗ ಅವನ ಹತ್ತಿರ ಕಳಾವರ್ ರಾಣಿ ಬಿಟ್ಟರೆ ಏನೂ ಇಲ್ಲ, ಹೆಂಡತಿಯ ಹತ್ತಿರ ಏನನ್ನೂ ಮುಚ್ಚಿಡಲಾರದ ಗಂಡ, ಅದು ಒಳ್ಳೆಯದೋ ಕೆಟ್ಟದ್ದೋ ಅಕ್ಕನ ಮಗಳು ಮೈತ್ರೇಯಿಗೇ ಗೊತ್ತಾಗಬೇಕು. ಜಾನಕಮ್ಮ ಬಿಡುವುದೇ ಇಲ್ಲ, ಮಧ್ಯದಲ್ಲಿ ಎದ್ದುಹೋದ್ರೆ ಚೆನ್ನಾಗಿರಲ್ಲ ಅಂತ ಕೈಯಲ್ಲಿ ಏನಿದ್ದರೂ ಇಲ್ಲದಿದ್ದರೂ ಕಟ್ಟುತ್ತಲೇ ಇರುತ್ತಾರೆ, ಊಟದ ಪಂಕ್ತಿಯಲ್ಲಿ ಕೂತ ಹಾಗೆ. ಇಂಥವರನ್ನು ಮುಗಿಸುವುದು ಹೇಗೆಂದು ನನ್ನನ್ನು ಕೇಳಬೇಕು, ಹೆದರುವವನನ್ನು ಹೆದರಿಸು, ಹೆದರದವರ ಎದುರು ಸುಳ್ಳಾಡಬೇಡ, ಒಳ್ಳೆಯ ಎಲೆ ಬರುವವರೆಗೆ ಸುಮ್ಮನೆ ಕಾದಿರು, ಮುಚ್ಚಿಡಲು ಬಾರದವನ ಕಡೆ ನೋಡುತ್ತಿರು, ಇಷ್ಟೇ ನನ್ನ ವಿದ್ಯೆ, ಎಲೆಗಿಂತ ಮುಖ ನೋಡು, ಮುಖಕ್ಕಿಂತ ಕಿವಿ ಕುತ್ತಿಗೆ ಬೆರಳು ನೋಡು. ಈ ಮೂವರನ್ನೂ ಕಾಫಿ ಬರುವುದರೊಳಗೆ ಬರಿಗೈ ಮಾಡಬಲ್ಲೆ, ಆದರೆ ಕೂತುಕೊಂಡು ಗುಲಾಮನ ಹಾಗೆ ನಗುತ್ತಿದ್ದೇನೆ.

ಈಗ ನೋಡು, ನಿಟ್ಟುಸಿರು ಬಿಡುತ್ತೇನೆ, ಎಲೆಯನ್ನು ಇನ್ನೊಂದು ಸಲ ಎತ್ತಿ ನೋಡಿ ಹುಬ್ಬು ಗಂಟಿಕ್ಕುತ್ತೇನೆ, ಕಟ್ಟಲೋ ಬೇಡವೋ ಎಂಬಂತೆ ಹರಳನ್ನು ಬೆರಳಲ್ಲಿ ಹೊರಳಿಸುತ್ತೇನೆ, ಕ್ಲಬ್ಬಿನಲ್ಲಿ ಇಂಥ ನಾಟಕ ಆಡಿದರೆ ಚಿಕ್ಕ ಮಕ್ಕಳೂ ನಕ್ಕಾರು, ಇವನ ಕಣ್ಣಲ್ಲಿ ಮಾತ್ರ ಧೈರ್ಯ ಬರುತ್ತಿದೆ, ಬರಲಿ, ಬಾ, ಕಟ್ಟು ಮಾರಾಯ — ಕಟ್ಟಿದ. ಅಭಿರಾಮ ಬಿಟ್ಟ, ಜಾನಕಮ್ಮ ಹಿಂದಿನ ಆಟದಲ್ಲೇ ಬರಿಗೈಯಾಗಿ ತಮ್ಮನ ರಾಶಿಯಿಂದ ಸಾಲ ಎತ್ತಿ ಕಟ್ಟುತ್ತಿದ್ದರು, ಸಕ್ಕರೆ ಮುಗೀತು ಕಣೋ ಎಂದು ಅವರೂ ಬಿಟ್ಟರು, ನಾನು ಕಟ್ಟಿದೆ, ಅವನು ಕಟ್ಟಿದ, ತೋರಿಸಿ ರಾಯರೆ ಅಂದೆ, ರಾಜನ ಜೋಡಿ, ನಾನು ಹತ್ತರ ಜೋಡಿ ಇಟ್ಟು ಕೈ ಚೆಲ್ಲಿದೆ, ಸೋತೆ, ಕೊನೆಗೂ. ಅಕ್ಕ, ಕೇಳಿಸಿತೇ, ಸೋತೆ. ಬೆಳಗ್ಗೆಯಿಂದ ಎಷ್ಟು ಸಹಿಸಿದ್ದೇವೆ ಇವರನ್ನು, ಬಸ್ಸು ಇಳಿಯುತ್ತಲೇ ಓಲಗದವರು ಎರಡೇ ಜನವಾ ಎಂದ, ಕಾಫಿಯಲ್ಲಿ ಚಿಕೋರಿ ಜಾಸ್ತಿ ಎಂದ, ತೊವ್ವೆಗೆ ಉಪ್ಪಿಲ್ಲ ಎಂದ, ಉಪ್ಪು ಬಡಿಸಿದರೆ ಬಿ.ಪಿ. ಇದೆ ಎಂದ, ಅಕ್ಕ ಒದ್ದೆ ಕೈಯಲ್ಲೇ ಓಡಿ ಬಂದು ತಪ್ಪಾಯ್ತು ರಾಯರೆ ಅಂದಳು, ಯಾವ ತಪ್ಪು, ಯಾರ ತಪ್ಪು, ಹೆಣ್ಣು ಕೊಡುವವರು ಅನ್ನುವ ಒಂದೇ ತಪ್ಪು. ಈಗ ಗೆದ್ದ ಹರಳು ಕಡಿಯುತ್ತಾ ಹೇಳುತ್ತಿದ್ದಾನೆ, ಏನ್ ಬೀಗರೆ, ಕ್ಲಬ್ಬಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಅಂತ ಕೇಳಿದ್ದೆ, ಬಸವನಗುಡಿ ಕಡೆ ಆಟ ಇಷ್ಟೇನಾ. ಅಭಿರಾಮ ಅಪ್ಪಾ ಅಂದ ಮೆಲ್ಲಗೆ. ನಾನು ಹಲ್ಲು ಕಿರಿದೆ, ನಿಮ್ಮ ಮುಂದೆ ನಮ್ಮದೇನು ರಾಯರೆ ಅಂದೆ, ಹೇಳಿದ ಬಾಯಿಯನ್ನು ತೊಳೆದುಕೊಳ್ಳಬೇಕು ಅನ್ನಿಸಿತು.

ಎಲೆ ಕಲಸುತ್ತಿದ್ದೆ, ಅಷ್ಟರಲ್ಲಿ ಜಾನಕಮ್ಮ ಸುಮ್ಮನೆ ಮಾತಿಗೆ ಕೇಳಿದರು, ಹುಡುಗಿ ಎಲ್ಲೀವರ್ಗೂ ರಜ ಹಾಕಿದಾಳಪ್ಪ. ಈ ತಿಂಗಳೆಲ್ಲ ರಜ ಅಮ್ಮ, ಮುಂದಿನ ತಿಂಗಳಿಂದ ಮಲ್ಲೇಶ್ವರದಿಂದ ಮಾರ್ಕೆಟ್‌ವರ್ಗೂ ಬಸ್ಸಲ್ಲಿ ಬಂದ್ರೆ ಅಲ್ಲಿಂದ ನಾನೇ ಸ್ಕೂಟರಲ್ಲಿ — ರಜ ಏನು ಬಂತು ಅಂದ ರಾಯ, ಹರಳನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದೂಡುತ್ತಾ, ಆ ಕೆಲಸ ಬಿಡಿಸ್ತಿದೀವಲ್ಲ, ಮದುವೆಯಾದ ಹೆಣ್ಮಕ್ಕಳು ಆಫೀಸು ಗೀಫೀಸು ಅಂತ ಹೋಗೋದು ನಮ್ಮನೆ ಪದ್ಧತಿ ಅಲ್ಲ, ಹುಡುಗಿಗೂ ಹೇಳಿದೀವಿ, ಅವಳೂ ಹೂಂ ಅಂದಿದಾಳೆ. ಎಷ್ಟು ತಣ್ಣಗೆ ಹೇಳಿದ, ಕಿವಿ ಬೆಳ್ಳಗೇ ಇತ್ತು, ಒಂದು ಜೋಡಿ ಬಂದರೆ ಕೆಂಪಾಗುವ ಕಿವಿ ಒಂದು ಹುಡುಗಿಯ ಬದುಕು ಮುರಿಯುವಾಗ ಕೆಂಪಾಗುವುದಿಲ್ಲ. ಇವನ ಮಗಳೇ ದಿನಾ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಾಳೆ, ಅವಳ ಮಗುವನ್ನು ಇವನೇ ಆಡಿಸುತ್ತಾನಂತೆ, ಅವಳಿಗಿಲ್ಲದ ಪದ್ಧತಿ ನಮ್ಮ ಹುಡುಗಿಗೆ. ಚಾಮರಾಜಪೇಟೆಯ ಸಹಕಾರ ಸಂಘದ ಕಚೇರಿಯಲ್ಲಿ ಆ ಕುರ್ಚಿ ಅವಳಿಗೆ ಕೊಡಿಸಲು ನಾನು ಯಾರ ಯಾರ ಮನೆ ಬಾಗಿಲು ತುಳಿದೆ ಇವನಿಗೇನು ಗೊತ್ತು, ನನ್ನ ಮೇಜಿಗೆ ತಾಗಿದ ಹಾಗೆ ಅವಳ ಮೇಜು ಹಾಕಿಸಿದೆ, ಕೌಂಟರಿಗೆ ಕೂರಿಸಬೇಡಿ ಕಂಡವರೆಲ್ಲ ಮಾತಾಡಿಸುತ್ತಾರೆ ಎಂದು ಮ್ಯಾನೇಜರಿಗೆ ಹೇಳಿದೆ, ಅವಳು ಬರೆದದ್ದನ್ನೆಲ್ಲ ಒಂದು ಸಲ ನಾನು ತಿದ್ದಿಯೇ ಮುಂದೆ ಕಳಿಸುವುದು, ತಪ್ಪಿರುವುದಿಲ್ಲ, ಆದರೂ ತಿದ್ದುತ್ತೇನೆ, ಬೆಳಗ್ಗೆ ಎನ್.ಆರ್. ಕಾಲೋನಿಯಿಂದ ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗುತ್ತೇನೆ, ಸಂಜೆ ಕರೆದುಕೊಂಡು ಬರುತ್ತೇನೆ, ದಾರಿಯುದ್ದಕ್ಕೂ ಒಂದು ಮಾತಾಡುವುದಿಲ್ಲ ಪಾಪ, ಅಷ್ಟು ಗಂಭೀರ, ಉಳಿದ ಹುಡುಗಿಯರೆಲ್ಲ ಸಂಬಳದ ದಿನ ಸಿನಿಮಾಗೆ ಹೋದರೂ ಇವಳು ಒಂದು ಸಲವೂ ಕೇಳಿದವಳಲ್ಲ, ಮೊದಲ ವರ್ಷ ಒಮ್ಮೆ ಕೇಳಿದಳು, ಬೇಡ ಅಂದೆ, ಆಮೇಲೆ ಕೇಳಲಿಲ್ಲ. ಅಪ್ಪನಿಲ್ಲದ ಮಗುವನ್ನು ಹಾಗೆ ಕಾದು ಬೆಳೆಸಿದೆ, ನನಗೆ ಹೆಂಡತಿಯೇ ಮಕ್ಕಳೇ, ಇರುವುದು ಅವಳೊಬ್ಬಳು, ಮತ್ತೆ ಈ ಎಲೆಗಳು. ಮದುವೆಯಾದರೂ ಹಗಲು ಹೊತ್ತು ಅವಳು ನನ್ನ ಪಕ್ಕದ ಮೇಜಿನಲ್ಲಿರುತ್ತಾಳೆ ಅಂದುಕೊಂಡೇ ನಾನು ಈ ಸಂಬಂಧಕ್ಕೆ ಒಪ್ಪಿದ್ದು, ಅದನ್ನೂ ಕಿತ್ತುಕೊಳ್ಳುತ್ತಾನೆ, ಸಕ್ಕರೆ ಕಡಿಯುತ್ತಾ ಕಿತ್ತುಕೊಳ್ಳುತ್ತಾನೆ. ಸರಿ, ಅಕ್ಕ, ಕ್ಷಮಿಸು, ಇನ್ನು ಸೋಲುವುದಿಲ್ಲ.

ಎಲೆ ಹಂಚಿದೆ. ಹೇಗೆ ಆಡಿದೆ ಎಂದು ಹೇಳುವುದಕ್ಕೇನೂ ಇಲ್ಲ, ಕೋಳಿ ಪುಕ್ಕ ಕಿತ್ತ ಹಾಗೆ ಕಿತ್ತೆ, ರಾಯನ ಕಿವಿ ಕೆಂಪಾದಾಗ ಕೆಮ್ಮಿದೆ, ಬಿಟ್ಟ, ಮತ್ತೆ ಕೆಂಪಾಯಿತು, ತಟ್ಟೆಗೆ ಒಂದು ಹಿಡಿ ಸುರಿದೆ, ಬಿಟ್ಟ, ಕಿವಿ ಬೆಳ್ಳಗಿದ್ದಾಗ ಸಣ್ಣದಾಗಿ ಕಟ್ಟಿ ಮುಂದಕ್ಕೆ ಎಳೆದೆ, ಬಾಯಲ್ಲಿ ನೀರೂರಿಸಿಕೊಂಡು ಬಂದ, ಬಂದಾಗ ತೋರಿಸಿದೆ ಸಾಲಾದ ಮೂರು ಎಲೆ, ಮೂರೂ ಆಟೀನ್. ಅಭಿರಾಮನನ್ನು ಕಿಟಕಿ ಗಾಜು ಮುಕ್ಕಾಲು ಮುಗಿಸಿತು. ಜಾನಕಮ್ಮನಿಗೆ ತಮ್ಮ ಸಾಲ ಕೊಡಲಿಲ್ಲ, ನಂಗೇ ಇಲ್ಲ ಸುಮ್ನಿರೇ ಎಂದು ರೇಗಿದ. ರೇಗು, ಇನ್ನೂ ರೇಗು, ಕೋಪ ಬಂದವನಿಗೆ ಎಲೆ ಕಾಣುವುದಿಲ್ಲ. ಆಗ ನೀವು ಗೆದ್ದಿದ್ದು ಸುಮ್ನೆ ಅದೃಷ್ಟ ಇರ್ಬೇಕು ರಾಯರೆ ಅಂದೆ, ಬೀಗರಾದ ನಾವೇ ಒಂಚೂರು ಬಿಟ್ಕೊಡ್ಬೇಕಿತ್ತು ಅನ್ಸುತ್ತೆ ಅಂದೆ, ಜಮಖಾನದ ಮೇಲೆ ಕೈ ಅಪ್ಪಳಿಸಿದ, ಬಿಟ್ಕೊಡೋದಾ, ಯಾರಿಗ್ರೀ ಬಿಟ್ಕೊಡೋದು, ನಂಗಾ, ಇನ್ನೊಂದಾಟ ಹಾಕಿ, ಅಭಿ ನಿನ್ ಹತ್ರ ಇರೋದು ಕೊಡು, ಇದೊಂದಾಟ ನೀವು ಗೆದ್ರೆ ಬೀಗರೆ, ಏನು ಕೇಳ್ತೀರೋ ಕೊಡ್ತೀನಿ. ಏನು ಕೇಳಿದ್ರೂ ಕೊಡ್ತೀರಾ ಅಂದೆ. ಏನು ಕೇಳಿದ್ರೂ. ಮಾತು ಮಾತೇ ತಾನೆ. ಮಹಾನಂದ ಮಾತು ತಪ್ಪಿದೋನಲ್ಲ ಅಂತ ಮಲ್ಲೇಶ್ವರದಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಆಯ್ತು, ನಾನು ಗೆದ್ರೆ ನೀವೇನು ಕೊಡ್ತೀರಿ. ಇವತ್ತಿನಿಂದ ಇಸ್ಪೀಟು ಮುಟ್ಟಲ್ಲ ಅಂದೆ. ಅಂದ ಮೇಲೆ ಹೊಳೆಯಿತು, ಕ್ಲಬ್ಬಿನ ಸಂಜೆಗಳಿಲ್ಲದೆ ನಾನು ಎಲ್ಲಿಗೆ ಹೋಗಲಿ, ಆದರೂ ಇರಲಿ, ಇವನ ಎದುರು ಸೋಲುವುದಾದರೆ ಮುಟ್ಟದಿರುವುದೇ ಸರಿ.

ಮೂರು ಅವನಿಗೆ, ಮೂರು ನನಗೆ, ಉಳಿದಿಬ್ಬರು ಕೈಕಟ್ಟಿ ನೋಡುತ್ತಿದ್ದಾರೆ, ನನ್ನದನ್ನು ಎತ್ತಿ ನೋಡಿದೆ, ಇಸ್ಪೀಟ್ ಒಂಬತ್ತು, ಡೈಮಂಡ್ ಆರು, ಕಳಾವರ್ ಮೂರು, ಕಸ, ಅಪ್ಪಟ ಕಸ, ಪರವಾಗಿಲ್ಲ, ನಾನು ಆಡುವುದು ಎಲೆಯಲ್ಲಲ್ಲ, ಅವನ ಕಿವಿ ಎಲ್ಲಿ — ಅವನು ಎಲೆ ಎತ್ತಲೇ ಇಲ್ಲ. ಅಂಗೈಯನ್ನು ಮುಚ್ಚಿದ ಎಲೆಗಳ ಮೇಲಿಟ್ಟು ಬ್ಲೈಂಡ್ ಅಂದ, ಒಂದು ಹರಳು ಕಟ್ಟಿದ. ನೋಡದೆ ಆಡುತ್ತಾನಂತೆ. ನೋಡದವನು ಒಂದು ಕಟ್ಟಿದರೆ ನೋಡಿದವನು ಎರಡು ಕಟ್ಟಬೇಕು, ನೋಡದವನನ್ನು ಎಲೆ ತೋರಿಸು ಎಂದು ನೋಡಿದವನು ಕೇಳುವ ಹಾಗಿಲ್ಲ, ಅದು ನಿಯಮ, ಕಟ್ಟುತ್ತಾ ಹೋಗಬೇಕು ಇಲ್ಲ ಬಿಡಬೇಕು. ಎರಡು ಕಟ್ಟಿದೆ. ಬ್ಲೈಂಡ್ ಅಂದ. ಮತ್ತೆರಡು. ಬ್ಲೈಂಡ್. ಅವನಿಗೇ ಗೊತ್ತಿಲ್ಲದ್ದನ್ನು ಅವನ ಮುಖದಲ್ಲಿ ನಾನು ಹೇಗೆ ಓದಲಿ, ಕಿವಿ ಬೆಳ್ಳಗೆ, ಕುತ್ತಿಗೆ ಶಾಂತ, ಬೆರಳು ನಿಂತಿದೆ, ಮೂರ್ಖತನಕ್ಕೆ ಇಷ್ಟು ಬಲ ಇದೆಯೆಂದು ನನಗೆ ಗೊತ್ತಿರಲಿಲ್ಲ, ಏನೂ ತಿಳಿಯದವನನ್ನು ಹೆದರಿಸಲು ಆಗುವುದಿಲ್ಲ, ಬೆನ್ನಲ್ಲಿ ಬೆವರು ಇಳಿಯುತ್ತಿದೆ, ಕೆಳಗೆ ಯಾರೋ ಹೂವಿನವನ ಜೊತೆ ಚೌಕಾಸಿ ಮಾಡುತ್ತಿದ್ದಾರೆ, ಓಲಗದವನು ಪೀಪಿ ಊದಿ ನೋಡುತ್ತಿದ್ದಾನೆ, ನೋಡಿಸಬೇಕು ಇವನಿಗೆ, ಹೇಗಾದರೂ ಎಲೆ ನೋಡಿಸಬೇಕು, ನೋಡಿದರೆ ಹೆದರುತ್ತಾನೆ. ನೋಡ್ಬೇಡಿ ರಾಯರೆ ಅಂದೆ, ಮಗುವಿಗೆ ಹೇಳುವ ಹಾಗೆ, ಹಾಗೇ ಇರ್ಲಿ, ನೋಡಿದ್ರೆ ನಿಮ್ಗೆ ಕೈ ನಡುಗುತ್ತೆ, ಈ ವಯಸ್ಸಲ್ಲಿ ಯಾಕೆ. ಜಾನಕಮ್ಮ ಕಿಸಕ್ಕನೆ ನಕ್ಕರು. ಸಾಕಾಯಿತು ಅಷ್ಟು. ತನ್ನ ಅಕ್ಕನ ನಗು ಕೇಳಿ ರಾಯ ಎಲೆ ಎತ್ತಿಬಿಟ್ಟ, ನೋಡಿದ, ಕಿವಿ ಹೊತ್ತಿಕೊಂಡಿತು, ತುದಿ ಸುರುಳಿ ಎಲ್ಲ ಒಟ್ಟಿಗೆ, ದೊಡ್ಡದೇ ಬಿದ್ದಿದೆ, ಬೀಳಲಿ, ದೊಡ್ಡದು ಬಿದ್ದಷ್ಟೂ ಕಳೆದುಕೊಳ್ಳುವ ಭಯ ಜಾಸ್ತಿ ಇಂಥವರಿಗೆ. ನನ್ನ ಮುಂದಿನ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ಪೂರ್ತಿ ತಟ್ಟೆಗೆ ಸುರಿದೆ, ಆಮೇಲೆ ಅವನ ಕಡೆ ನೋಡಲೇ ಇಲ್ಲ, ಜಾನಕಮ್ಮನ ಕಡೆ ತಿರುಗಿ, ಸಂಜೆ ತಿಂಡಿಗೆ ಆಂಬೊಡೆ ಮಾಡಿಸಿದೀವಿ ಅಮ್ಮ, ನಿಮ್ಗೆ ಎಣ್ಣೆ ಪದಾರ್ಥ ಆಗುತ್ತಾ ಅಂದೆ. ಅವರು ಆಗುತ್ತಪ್ಪ ಅಂದರು. ಎಲೆಗಳು ಜಮಖಾನದ ಮೇಲೆ ಬಿದ್ದ ಸದ್ದು ಕೇಳಿಸಿತು. ಬಿಟ್ಟೆ ಅಂದ ರಾಯ. ಎಕ್ಕದ ಜೋಡಿ ಬಿಟ್ಟ, ಮುಖ ಮೇಲಾಗಿ ಬಿದ್ದಿತ್ತು, ಎರಡು ಎಕ್ಕ. ನಾನು ನನ್ನ ಎಲೆಗಳನ್ನು ಕಟ್ಟಿನೊಳಗೆ ಸೇರಿಸಿಬಿಡಬಹುದಿತ್ತು, ಗೆದ್ದವನು ಎಲೆ ತೋರಿಸಬೇಕಾಗಿಲ್ಲ, ತೋರಿಸಬಾರದು ಕೂಡ, ದೊಡ್ಡಸ್ತಿಕೆ ಇದ್ದವರು ತೋರಿಸುವುದಿಲ್ಲ. ಒಂದೊಂದಾಗಿ ಅವನ ಎಕ್ಕಗಳ ಪಕ್ಕ ಇಟ್ಟೆ, ಒಂಬತ್ತು, ಆರು, ಮೂರು. ಅಭಿರಾಮ ತಲೆ ತಗ್ಗಿಸಿದ. ಮೈಯೆಲ್ಲ ಹಿತವಾಯಿತು ನನಗೆ.

ಕೇಳಿ ಅಂದ ರಾಯ, ದನಿ ಸಣ್ಣದಾಗಿತ್ತು. ಕೇಳಿದೆ. ಮೈತ್ರೇಯಿ ಕೆಲಸ ಬಿಡಬಾರದು, ಈಗ ಕೂರೋ ಕುರ್ಚಿಯಲ್ಲೇ ಕೂರ್ಬೇಕು, ನಾನು ಅಲ್ಲಿರೋವರ್ಗೂ. ಗೆದ್ದವನು ಕೇಳಬೇಕಾದ ದನಿಯಲ್ಲೇ ಕೇಳಿದೆ, ಇಡೀ ಛತ್ರಕ್ಕೆ ಕೇಳಿಸಲಿ ಎಂದು ಕೇಳಿದೆ. ಅವನು ನನ್ನ ಕಡೆ ನೋಡಲಿಲ್ಲ, ನನ್ನ ತಲೆಯ ಮೇಲಿಂದ ಬಾಗಿಲ ಕಡೆ ನೋಡಿದ, ನಾನೂ ತಿರುಗಿದೆ, ಮೈತ್ರೇಯಿ ನಿಂತಿದ್ದಳು, ವರಪೂಜೆಗೆ ಅರ್ಧ ಅಲಂಕಾರವಾಗಿದೆ, ಹಸಿರು ಸೀರೆ, ಕಿವಿಯಲ್ಲಿ ಉದ್ದನೆಯ ಜುಮಕಿ, ನನ್ನನ್ನು ಕರೆಯಲು ಬಂದಿರಬೇಕು, ಯಾವಾಗ ಬಂದಳೋ. ಅವಳು ರಾಯನ ಕಡೆ ನೋಡಿ ತಲೆಯನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಒಂದಿಷ್ಟೇ ಆಡಿಸಿದಳು, ತಲೆ ನಿಂತ ಮೇಲೂ ಜುಮಕಿ ಅಲ್ಲಾಡುತ್ತಿತ್ತು. ನಾಚಿಕೆ ಅಂದುಕೊಂಡೆ, ನನಗಾಗಿ ಜಗಳ ಬೇಡ ಅನ್ನುತ್ತಿದ್ದಾಳೆ ಪಾಪ, ನೋಡಮ್ಮ ನಿನ್ನ ಮಾಮ ಏನು ಗೆದ್ದುಕೊಟ್ಟ. ರಾಯ ಉಸಿರು ಬಿಟ್ಟು, ಆಯ್ತು ಬೀಗರೆ, ಮಾತು ಮಾತೇ, ಬಿಡೋದು ಬೇಡ ಅಂದ. ಆಗ ಆ ಹುಡುಗ, ಎಲೆಯನ್ನೇ ಮುಚ್ಚಿಡಲು ಬಾರದ ಆ ಹುಡುಗ, ಅಪ್ಪಾ ಏನು ಹೀಗಂತೀರಿ, ಒಂದನೇ ತಾರೀಕು ಬಂದು ಸೇರ್ಕೊಳ್ಳಿ ಅಂತ ಸ್ಕೂಲ್‌ನೋರು ಹೇಳಿದಾರಲ್ಲ, ನೀವೇ ಮಾತಾಡಿ ಕೊಡಿಸಿದ್ದು ಟೀಚರ್ ಕೆಲಸ, ಆಫೀಸು ಬಿಡ್ಬೇಕು ಅಂತ ಮೈತ್ರೇಯೀನೇ ತಾನೆ ಕೇಳ್ಕೊಂಡಿದ್ದು. ಸುಮ್ನಿರೋ ಅಭಿ ಅಂದ ರಾಯ. ಹುಡುಗ ಸುಮ್ಮನಾಗಲಿಲ್ಲ, ನನ್ನ ಕಡೆ ತಿರುಗಿದ, ನಿಮಗೆ ಬೇಜಾರಾಗುತ್ತೆ, ಅವಳು ಬಿಟ್ಟಳು ಅಂತ ಅನ್ನಿಸ್ಬಾರ್ದು, ಗಂಡಿನ ಕಡೆಯೋರು ಬಿಡಿಸಿದ್ರು ಅಂತ ಅಂದ್ಬಿಡಿ ಅಂತ ಅವಳೇ ಅಪ್ಪನ ಹತ್ರ ಬೇಡ್ಕೊಂಡ್ಳು, ಪದ್ಧತಿ ಗಿದ್ಧತಿ ಅಂತ ಅಪ್ಪ ಹೇಳಿದ್ದು ಅದಕ್ಕೇ ಮಾವ.

ಓಲಗದವನು ಇನ್ನೂ ಪೀಪಿ ಊದಿ ನೋಡುತ್ತಿದ್ದಾನೆ, ಶ್ರುತಿ ಸೇರುತ್ತಿಲ್ಲ, ಜಾನಕಮ್ಮ ಜಮಖಾನದ ಮೇಲೆ ಬಿದ್ದ ಸಕ್ಕರೆ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆಯುತ್ತಿದ್ದಾರೆ — ನಿಶ್ಚಿತಾರ್ಥವಾಗಿ ಎಷ್ಟು ದಿನವಾಯಿತು, ಅಷ್ಟೂ ದಿನ ಈ ರಾಯ ಇದನ್ನು ಇಟ್ಟುಕೊಂಡಿದ್ದ, ಒಂದು ಜೋಡಿ ಬಿದ್ದರೆ ಕಿವಿ ಕೆಂಪಾಗುವವನು, ಬೈಸಿಕೊಳ್ಳಲು ತಯಾರಾಗಿ ಇಟ್ಟುಕೊಂಡಿದ್ದ, ಅವಳೂ ಇಟ್ಟುಕೊಂಡಿದ್ದಳು, ಸ್ಕೂಟರಿನ ಹಿಂದೆ ಕೂತು, ಪಕ್ಕದ ಮೇಜಿನಲ್ಲಿ ಕೂತು, ನಾನು ತಿದ್ದಿದ್ದನ್ನು ವಾಪಸು ತೆಗೆದುಕೊಂಡು, ನಾನು ಅವಳ ಮುಖ ಒಮ್ಮೆ ನೋಡಿದ್ದೇನೆಯೇ, ಊರಿನವರ ಬೆರಳೆಲ್ಲ ನೋಡಿದವನು, ಅಲ್ಲ, ನೋಡಿದ್ದೇನೆ, ದಿನಾ ನೋಡಿದ್ದೇನೆ, ಏನೂ ಇರಲಿಲ್ಲ ಅಲ್ಲಿ, ಅಥವಾ ಇತ್ತು. ಈಗ ಒಂದು ಮಾತು ಸಾಕು, ತಮಾಷೆಗೆ ಹೇಳಿದೆ ರಾಯರೆ, ಹುಡುಗಿ ಸ್ಕೂಲಿಗೇ ಹೋಗ್ಲಿ, ಇಷ್ಟು ಅಂದರೆ ಮುಗಿಯಿತು, ಹೇಳು ವಾದಿರಾಜ, ಹೇಳಿದರೆ ಹಗಲೆಲ್ಲ ಆ ಮೇಜು ಖಾಲಿ, ಹೇಳದಿದ್ದರೆ ಅವಳು ಅಲ್ಲೇ, ನನ್ನ ಪಕ್ಕದಲ್ಲೇ, ನಾನು ಗೆದ್ದದ್ದಲ್ಲವೇ, ಗೆದ್ದದ್ದನ್ನು ಯಾರಾದರೂ ವಾಪಸು ಕೊಡುತ್ತಾರೆಯೇ — ಅವಳು ಒಳಗೆ ಬಂದಳು, ಹತ್ತಿರ ಕೂತಳು, ಇಲ್ಲ ಮಾಮ, ಇವರು ಏನೇನೋ ಹೇಳ್ತಾರೆ, ನೀವು ಹೇಳಿದ ಹಾಗೇ ಆಗ್ಲಿ, ನಾನು ಅಲ್ಲೇ ಇರ್ತೀನಿ, ಥ್ಯಾಂಕ್ಸ್ ಮಾಮ, ಬನ್ನಿ, ಅಮ್ಮ ಕರೀತಿದಾರೆ. ನಗುತ್ತಿದ್ದಾಳೆ, ಎಷ್ಟು ಚೆನ್ನಾಗಿ ನಗುತ್ತಾಳೆ, ಕಣ್ಣು ಕದಲಲಿಲ್ಲ, ಕುತ್ತಿಗೆ ಕದಲಲಿಲ್ಲ, ಬೆರಳು ಕದಲಲಿಲ್ಲ, ನಾನು ಹೂಂ ಅಂದೆ. ಹೂಂ ಅಂದುಬಿಟ್ಟೆ. ಬಾಗಿಲಲ್ಲಿ ನಿಂತಿದ್ದಳಲ್ಲ, ರಾಯನ ಕಡೆ ನೋಡಿ, ಹೇಳಬೇಡಿ ಎಂದು, ಬಲಕ್ಕೊಮ್ಮೆ, ಎಡಕ್ಕೊಮ್ಮೆ, ನನ್ನ ತಲೆಯ ಮೇಲಿಂದ, ಅವರಿಬ್ಬರು ಒಂದು ಕಡೆ, ನಾನು ಒಂದು ಕಡೆ, ಬಲಕ್ಕೆ, ಎಡಕ್ಕೆ, ತಲೆ ನಿಂತಿತು, ಜುಮಕಿ ಅಲ್ಲಾಡುತ್ತಿತ್ತು, ಇನ್ನೂ ಅಲ್ಲಾಡುತ್ತಿದೆ, ತಲೆ ನಿಂತಿದೆ, ಜುಮಕಿ ನಿಲ್ಲುತ್ತಿಲ್ಲ, ಜುಮಕಿ